ಆಯುಷ್ಯದ ಹೊತ್ತಗೆ

ಅಮೆರಿಕದ ಬಾಸ್ಟನ್ ನಗರದಲ್ಲಿ ಮನೆತನಗಳ ಹಳೆಯ ಕಾಗದಪತ್ರಗಳನ್ನು ಕಾಪಾಡಿಕೊಂಡು ಬಂದಿರುವ ಒಂದು ಸಂಸ್ಥೆಯಿದೆ. ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ಎಂಬುದು ಅದರ ಹೆಸರು. 1845ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಭಂಡಾರದಲ್ಲಿ ಕೈಬರಹದ ಒಂದು ಪುಟ್ಟ ಹೊತ್ತಗೆ ಇದೆ. ಕೆಲವೇ ಹಾಳೆಗಳನ್ನು ಮಡಿಸಿ, ದಾರದಿಂದ ಹೊಲಿದು ಒಬ್ಬ ಗೃಹಿಣಿ ತನ್ನ ಕೈಯಾರೆ ಮಾಡಿಕೊಂಡ ಹೊತ್ತಗೆ ಅದು. ಅದರಲ್ಲಿ ಕಥೆಯಿಲ್ಲ, ಕವಿತೆಯಿಲ್ಲ, ದಿನಚರಿಯೂ ಇಲ್ಲ. ಹುಟ್ಟಿದವರ ಹೆಸರು, ಹುಟ್ಟಿದ ದಿನ. ತೀರಿಕೊಂಡವರ ಹೆಸರು, ತೀರಿಕೊಂಡ ದಿನ, ಬಹುಮಟ್ಟಿಗೆ ಇಷ್ಟೇ. ಆಕೆ ಅದಕ್ಕೆ ‘ಬುಕ್ ಆಫ್ ಏಜಸ್’ ಎಂದು ಹೆಸರಿಟ್ಟಿದ್ದಳು. ಕನ್ನಡದಲ್ಲಿ ಅದನ್ನು ‘ಆಯುಷ್ಯದ ಹೊತ್ತಗೆ’ ಎನ್ನಬಹುದು.

ಆ ಗೃಹಿಣಿಯ ಹೆಸರು ಜೇನ್. ತವರುಮನೆಯ ಹೆಸರು ಫ್ರಾಂಕ್ಲಿನ್. ಸೇರಿದ ಮನೆಯ ಹೆಸರು ಮೀಕಮ್. ಸಿಡಿಲು ವಿದ್ಯುತ್ತಿನದೇ ರೂಪವೆಂದು ತೋರಿಸಿಕೊಟ್ಟ ವಿಜ್ಞಾನಿ, ಮುದ್ರಕ, ಬರಹಗಾರ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್‌ನ ಸ್ವಂತ ತಂಗಿ ಆಕೆ. ಅಣ್ಣನ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ತಂಗಿಯ ಹೆಸರನ್ನು ಕೇಳಿದವರೇ ವಿರಳ. ಅಣ್ಣನ ಪತ್ರಗಳು ಮತ್ತು ಲೇಖನಗಳು 1959ರಿಂದ ಮೊದಲ್ಗೊಂಡು ನಲವತ್ತಕ್ಕೂ ಹೆಚ್ಚು ಬೃಹತ್ ಸಂಪುಟಗಳಾಗಿ ಹೊರಬಂದಿವೆ. ತಂಗಿಯ ಚಿತ್ರಪಟವೊಂದೂ ಇಂದು ದೊರೆಯುವುದಿಲ್ಲ. ಹಾಗಿದ್ದರೂ ಆಕೆಯ ಬಾಳು ಹೇಗಿತ್ತೆಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಕಂಡುಕೊಂಡಿದ್ದಾರೆ. ಆ ಪುಟ್ಟ ಹೊತ್ತಗೆ ಮತ್ತು ಮನೆತನದ ಪತ್ರಗಳೇ ಇದಕ್ಕೆ ಮುಖ್ಯ ಸಾಕ್ಷ್ಯಾಧಾರಗಳು.

ಹದಿನೆಂಟನೆಯ ಶತಮಾನದ ಆದಿಯಲ್ಲಿ ಬಾಸ್ಟನ್, ಬ್ರಿಟಿಷರ ಅಧೀನದಲ್ಲಿದ್ದ ಮ್ಯಾಸಚೂಸೆಟ್ಸ್ ವಸಾಹತಿನ ಬಂದರು ಪಟ್ಟಣವಾಗಿತ್ತು. 1683ರಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದ ಜೊಸಾಯ ಫ್ರಾಂಕ್ಲಿನ್ ಅಲ್ಲಿ ಪ್ರಾಣಿಗಳ ಕೊಬ್ಬನ್ನು ಕರಗಿಸಿ ದೀಪದ ಬತ್ತಿಗಳನ್ನೂ ಸಾಬೂನನ್ನೂ ಮಾಡಿ ಮಾರುತ್ತಿದ್ದನು. ಇಬ್ಬರು ಹೆಂಡಿರಿಂದ ಅವನಿಗೆ ಹದಿನೇಳು ಮಕ್ಕಳಾದವು. ಗಂಡುಮಕ್ಕಳಲ್ಲಿ ಕಡೆಯವನು ಬೆಂಜಮಿನ್, 1706ರಲ್ಲಿ ಹುಟ್ಟಿದವನು. ಎಲ್ಲರಿಗಿಂತಲೂ ಕಿರಿಯವಳು ಜೇನ್, 1712ರ ಮಾರ್ಚ್ 27ರಂದು ಹುಟ್ಟಿದವಳು. ಇಬ್ಬರಿಗೂ ಆರು ವರ್ಷಗಳ ಅಂತರ. ಅಷ್ಟೊಂದು ಮಕ್ಕಳ ನಡುವೆ ಈ ಇಬ್ಬರಲ್ಲಿ ಬೆಳೆದ ವಿಶೇಷವಾದ ಅಕ್ಕರೆ ಕೊನೆಯವರೆಗೂ ಮಾಸಲಿಲ್ಲ.

ಒಂದೇ ಮನೆ, ಒಂದೇ ಒಲೆ, ಒಂದೇ ತಾಯಿತಂದೆ. ಆದರೆ ಇಬ್ಬರಿಗೆ ದೊರೆತ ಅವಕಾಶಗಳು ಒಂದೇ ಆಗಿರಲಿಲ್ಲ. ಬೆಂಜಮಿನ್ ಎರಡು ವರ್ಷ ಶಾಲೆಗೆ ಹೋದನು. ಅನಂತರ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿತನು. ಕೈಗೆ ಸಿಕ್ಕಿದ ಪುಸ್ತಕಗಳನ್ನೆಲ್ಲ ಓದಿದನು. 1723ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿಹೋಗಿ ಫಿಲಡೆಲ್ಫಿಯ ಸೇರಿದನು. ಹುಡುಗ ಓಡಿಹೋದರೆ ಅವನಿಗೆ ಲೋಕ ತೆರೆದುಕೊಳ್ಳುತ್ತಿತ್ತು. ಹನ್ನೊಂದು ವರ್ಷದ ಹುಡುಗಿಗೆ ಹೋಗಲು ದಾರಿಯೇ ಇರಲಿಲ್ಲ. ಹೆಣ್ಣುಮಕ್ಕಳಿಗೆ ಧರ್ಮಗ್ರಂಥವನ್ನು ಓದುವಷ್ಟು ಅಕ್ಷರಜ್ಞಾನವಿದ್ದರೆ ಸಾಕು, ಬರೆಯುವುದು ಅವರಿಗೆ ಅಗತ್ಯವಲ್ಲ ಎಂಬುದು ಅಂದಿನ ಸಮಾಜದ ನಂಬಿಕೆ. ಬಾಸ್ಟನ್ನಿನ ಸಾರ್ವಜನಿಕ ಶಾಲೆಗಳು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1789ರಲ್ಲಿ. ಆಗ ಜೇನಳಿಗೆ ಎಪ್ಪತ್ತೇಳು ವರ್ಷ.

1727ರ ಜನವರಿಯಲ್ಲಿ ಅಣ್ಣನು ತಂಗಿಗೆ ಬರೆದ ಪತ್ರವೊಂದು ಉಳಿದಿದೆ. ತಂಗಿ ರೂಪವತಿಯಾಗಿ ಬೆಳೆದಿದ್ದಾಳೆಂಬ ಸುದ್ದಿ ಅವನಿಗೆ ತಲುಪಿತ್ತು. ಉಡುಗೊರೆಯಾಗಿ ಚಹಾ ಕುಡಿಯುವ ಮೇಜನ್ನು ಕಳುಹಿಸಬೇಕೆಂದು ಮೊದಲು ಯೋಚಿಸಿದನಂತೆ. ಆದರೆ ಬರಿಯ ಚೆಲುವೆಯೆನಿಸಿಕೊಳ್ಳುವುದಕ್ಕಿಂತ ಒಳ್ಳೆಯ ಗೃಹಿಣಿಯೆನಿಸಿಕೊಳ್ಳುವುದೇ ಮೇಲೆಂದು ಭಾವಿಸಿ ನೂಲುವ ರಾಟೆಯನ್ನು ಕಳುಹಿಸಿದ್ದಾಗಿ ಆ ಪತ್ರದಲ್ಲಿ ಬರೆದಿದ್ದಾನೆ. ಅದೇ ವರ್ಷದ ಜುಲೈ 27ರಂದು ಜೇನಳ ಮದುವೆಯಾಯಿತು. ವರನು ಕುದುರೆಯ ಜೀನುಗಳನ್ನು ಹೊಲಿಯುವ ಎಡ್ವರ್ಡ್ ಮೀಕಮ್. ವಧುವಿಗೆ ಆಗ ಹದಿನೈದು ವರ್ಷ.

ಈಗ ಆ ಹೊತ್ತಗೆಯನ್ನು ತೆರೆಯೋಣ. ಮೊದಲ ಸಾಲಿನಲ್ಲಿ ಜೇನ್ ತಾನು ಹುಟ್ಟಿದ ದಿನವನ್ನು ಬರೆದುಕೊಂಡಿದ್ದಾಳೆ. ಅನಂತರ ಮದುವೆಯ ದಿನ. ಬಳಿಕ ಮೊದಲ ಮಗನ ಹೆಸರು: ಜೊಸಾಯ, ಹುಟ್ಟಿದ್ದು 1729ರ ಜೂನ್ 4. ಅದರ ಬೆನ್ನಿಗೇ ಅವನು ತೀರಿಕೊಂಡ ದಿನ: 1730ರ ಮೇ 18. ಒಂದು ವರ್ಷವೂ ತುಂಬಿರಲಿಲ್ಲ. ಇದರ ಜೊತೆಗೆ ಒಂದು ಕಣ್ಣೀರಿನ ಮಾತೂ ಇಲ್ಲ. ತಾಯಿಯಾದವಳಿಗೆ ಆಗ ಹದಿನೆಂಟು ವರ್ಷವೆಂಬುದನ್ನು ಓದುಗರು ತಾವೇ ಲೆಕ್ಕ ಹಾಕಿಕೊಳ್ಳಬೇಕು.

ಇಂತಹ ದಾಖಲೆಗಳನ್ನು ಓದುವುದರಲ್ಲಿ ಲೆಕ್ಕವೇ ಮೊದಲ ಮೆಟ್ಟಿಲು. 1729ರಿಂದ 1751ರವರೆಗೆ ಆ ಹೊತ್ತಗೆಯಲ್ಲಿ ಹನ್ನೆರಡು ಮಕ್ಕಳ ಜನನ ದಾಖಲಾಗಿದೆ. ಮೊದಲ ಮಗು ಹುಟ್ಟಿದಾಗ ತಾಯಿಗೆ ಹದಿನೇಳು. ಕೊನೆಯ ಮಗು ಹುಟ್ಟಿದಾಗ ಮೂವತ್ತೊಂಬತ್ತು. ಈ ಇಪ್ಪತ್ತೆರಡು ವರ್ಷಗಳಲ್ಲಿ ಸರಾಸರಿ ಎರಡು ವರ್ಷಕ್ಕೊಂದು ಬಾಣಂತನ. ಹನ್ನೆರಡರಲ್ಲಿ ಮೂರು ಶಿಶುಗಳು ವರ್ಷ ತುಂಬುವ ಮೊದಲೇ ಕಣ್ಮುಚ್ಚಿದವು. ಇದರ ನಡುವೆ ವೃದ್ಧರಾದ ತಾಯಿತಂದೆಯರ ಆರೈಕೆ. ಜೊತೆಗೆ ಗಂಡನ ಸಾಲದ ಹೊರೆ. ಬರಿಯ ದಿನಾಂಕಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದಾಗ ಒಬ್ಬ ಹೆಂಗಸಿನ ಯೌವನವೆಲ್ಲ ಎಲ್ಲಿ ಕಳೆಯಿತೆಂಬುದು ತಿಳಿಯುತ್ತದೆ.

ಎರಡನೆಯ ಮೆಟ್ಟಿಲು ಎಚ್ಚರ. ಹೊತ್ತಗೆಯಲ್ಲಿ ಜೊಸಾಯ ಎಂಬ ಹೆಸರು ಎರಡು ಬಾರಿ ಬರುತ್ತದೆ. ಮೊದಲ ಮಗ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1743ರಲ್ಲಿ ಹುಟ್ಟಿದ ಇನ್ನೊಬ್ಬ ಮಗನಿಗೂ ಅದೇ ಹೆಸರನ್ನು ಇಡಲಾಯಿತು. ಅದು ಅಜ್ಜನ ಹೆಸರು. ಮಗು ಹೋದರೂ ಹೆಸರು ಮನೆಯಲ್ಲಿ ಉಳಿಯಬೇಕೆಂಬುದು ಆ ಕಾಲದ ರೂಢಿ. ಒಬ್ಬ ಮಗಳಿಗೆ ತಾಯಿಯ ಹೆಸರೇ ಇತ್ತು. ಒಬ್ಬ ಮಗನಿಗೆ ಸೋದರಮಾವ ಬೆಂಜಮಿನ್‌ನ ಹೆಸರು. ಹೆಸರನ್ನಷ್ಟೇ ನೋಡಿ ದಿನಾಂಕವನ್ನು ನೋಡದವನು ಇಬ್ಬರನ್ನು ಒಬ್ಬರೆಂದು ಭ್ರಮಿಸುತ್ತಾನೆ. ದಿನಾಂಕವನ್ನು ಓದುವುದಕ್ಕೂ ತಿಳಿವಳಿಕೆ ಬೇಕು. ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ 1752ರಲ್ಲಿ ಪಂಚಾಂಗ ಬದಲಾಯಿತು. ಅದಕ್ಕೆ ಮೊದಲು ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಬೆಂಜಮಿನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ 1705ರ ಜನವರಿ 6. ಹೊಸ ಲೆಕ್ಕದಲ್ಲಿ ಅದೇ ದಿನ 1706ರ ಜನವರಿ 17. ಇದನ್ನು ಅರಿಯದವನಿಗೆ ದಾಖಲೆಯೇ ಸುಳ್ಳೆಂದು ತೋರೀತು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು: ದಾಖಲೆ ಏನನ್ನು ಹೇಳುವುದಿಲ್ಲವೋ ಅದನ್ನು ಗಮನಿಸುವುದು. ಅಂದಿನ ಇಂಗ್ಲಿಷ್ ಕಾನೂನಿನಂತೆ ವಿವಾಹಿತ ಸ್ತ್ರೀಗೆ ಪ್ರತ್ಯೇಕವಾದ ಅಸ್ತಿತ್ವವೇ ಇರಲಿಲ್ಲ. ಆಕೆಯ ಗಳಿಕೆ ಗಂಡನದು, ಆಸ್ತಿ ಗಂಡನದು, ಕರಾರುಪತ್ರಕ್ಕೆ ಸಹಿ ಹಾಕುವ ಅಧಿಕಾರವೂ ಗಂಡನದೇ. ಆದುದರಿಂದ ನ್ಯಾಯಾಲಯದ ಕಡತಗಳಲ್ಲಾಗಲಿ, ಆಸ್ತಿಯ ಪತ್ರಗಳಲ್ಲಾಗಲಿ ಗೃಹಿಣಿಯರ ಹೆಸರು ಕಾಣಸಿಗುವುದು ಅತ್ಯಲ್ಪ. ಹೆಸರು ಕಾಣದಿರುವುದರಿಂದ ಆಕೆ ಏನನ್ನೂ ಮಾಡಲಿಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ಆಕೆ ದುಡಿದದ್ದನ್ನು ಬರೆದಿಡುವ ಪದ್ಧತಿ ಇರಲಿಲ್ಲವೆಂದಷ್ಟೇ ಅದರ ಅರ್ಥ.

ಹೊತ್ತಗೆ ಬಿಟ್ಟ ತೆರವನ್ನು ತುಂಬಿಕೊಡುವುದು ಅಣ್ಣತಂಗಿಯರ ಪತ್ರಗಳು. 1727ರಿಂದ 1790ರವರೆಗೆ, ಅರುವತ್ತಮೂರು ವರ್ಷಗಳ ಕಾಲ, ಅವರ ನಡುವೆ ಪತ್ರವ್ಯವಹಾರ ನಡೆಯಿತು. ಲೋಕವಿಖ್ಯಾತನಾದ ಬೆಂಜಮಿನ್ ತನ್ನ ಜೀವಮಾನದಲ್ಲಿ ಬೇರೆ ಯಾರಿಗಿಂತಲೂ ಹೆಚ್ಚು ಪತ್ರಗಳನ್ನು ಬರೆದದ್ದು ಈ ತಂಗಿಗೆ. ತಂಗಿ ಬರೆದವುಗಳಲ್ಲಿ ಅನೇಕವು, ಅದರಲ್ಲಿಯೂ ಆರಂಭದ ವರ್ಷಗಳವು, ನಷ್ಟವಾಗಿವೆ. ಉಳಿದವುಗಳಿಂದ ಮನೆಯೊಳಗಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಬಾಡಿಗೆಗೆ ಬಂದವರಿಗೆ ಊಟ ವಸತಿಗಳನ್ನು ಒದಗಿಸಿ ಆಕೆ ಸಂಸಾರ ತೂಗಿಸುತ್ತಿದ್ದಳು. ಫ್ರಾಂಕ್ಲಿನ್ ಮನೆತನದ ಗುಟ್ಟಾಗಿದ್ದ ಉತ್ತಮ ಜಾತಿಯ ಸಾಬೂನನ್ನು ಮಾಡಲು ಬಲ್ಲವಳಾಗಿದ್ದಳು. ಗಂಡ ತೀರಿಕೊಂಡ ಬಳಿಕ ಹೆಣ್ಣುಮಕ್ಕಳೊಡನೆ ಕುಳಿತು ಹೆಂಗಸರ ಟೋಪಿಗಳನ್ನು ಹೊಲಿದು ಮಾರಲು ತೊಡಗಿದಳು. ಬೇಕಾದ ಬಟ್ಟೆ ಮತ್ತು ಪಟ್ಟಿಗಳನ್ನು ಲಂಡನ್ನಿನಲ್ಲಿದ್ದ ಅಣ್ಣನಿಂದ ತರಿಸಿಕೊಂಡಳು. ಆದರೆ ಅದೇ ಹೊತ್ತಿಗೆ ಬ್ರಿಟಿಷ್ ಸರ್ಕಾರದ ತೆರಿಗೆಗಳನ್ನು ವಿರೋಧಿಸಿ ವಸಾಹತಿನ ಜನರು ಬ್ರಿಟಿಷ್ ಸರಕುಗಳನ್ನು ಬಹಿಷ್ಕರಿಸಿದರು. ದೇಶದ ದೊಡ್ಡ ಹೋರಾಟ ಬಡ ವಿಧವೆಯ ಚಿಕ್ಕ ವ್ಯಾಪಾರಕ್ಕೆ ಪೆಟ್ಟಾಯಿತು. ದೇಶದ ಇತಿಹಾಸ ಮನೆಯ ಬಾಗಿಲಿಗೆ ಬಂದು ನಿಲ್ಲುವುದು ಹೀಗೆ.

ಆ ವರ್ಷಗಳಲ್ಲಿಯೇ ಹೊತ್ತಗೆಯಲ್ಲಿ ಸಾವಿನ ಸಾಲುಗಳು ಬೆಳೆಯುತ್ತ ಹೋದವು. 1764ರಲ್ಲಿ ಮಗಳು ಸಾರಾ ತೀರಿಕೊಂಡಳು. ಅವಳ ಮಕ್ಕಳ ಪಾಲನೆ ಅಜ್ಜಿಯ ಪಾಲಿಗೆ ಬಂದಿತು. 1765ರ ಸೆಪ್ಟೆಂಬರ್ 11ರಂದು, ಮುಂಜಾನೆ ಮೂರು ಗಂಟೆಗೆ, ಗಂಡ ತೀರಿಕೊಂಡನೆಂದು ಆಕೆ ಬರೆದಿದ್ದಾಳೆ. ವೇಳೆಯನ್ನು ಕೂಡ ಬರೆದಿಟ್ಟವಳು ಮೂವತ್ತೆಂಟು ವರ್ಷಗಳ ದಾಂಪತ್ಯದ ಬಗ್ಗೆ ಪ್ರೀತಿಯ ಮಾತೊಂದನ್ನೂ ಬರೆದಿಲ್ಲ. ಅದು ದುಃಖದ ಮೌನವೋ, ಬೇಸರದ ಮೌನವೋ ಹೇಳುವಂತಿಲ್ಲ. 1767ರಲ್ಲಿ ಕಿರಿಯ ಮಗಳು ಮೇರಿ ತೀರಿಕೊಂಡಳು. ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಕೊಟ್ಟವನೂ ದೇವರೇ, ಕೊಂಡೊಯ್ದವನೂ ದೇವರೇ ಎಂಬ ಧರ್ಮಗ್ರಂಥದ ಮಾತನ್ನು ನೆನೆದು, ಅದಕ್ಕೆ ಎದುರಾಡುವ ಮನಸ್ಸು ತನಗೆ ಬಾರದಿರಲೆಂದು ತಾಯಿ ಅಲ್ಲಿ ಪ್ರಾರ್ಥಿಸಿದ್ದಾಳೆ. ಎದುರಾಡದಿರಲೆಂದು ಬೇಡಿಕೊಳ್ಳುವ ಮನಸ್ಸಿನೊಳಗೆ ಎದುರಾಡುವ ನೋವು ಎಷ್ಟಿದ್ದಿರಬೇಕು! ಇಬ್ಬರು ಗಂಡುಮಕ್ಕಳು ಬುದ್ಧಿಭ್ರಮಣೆಗೆ ಒಳಗಾದ ಸಂಕಟವನ್ನೂ ಆಕೆ ಅನುಭವಿಸಿದಳು. ಹನ್ನೆರಡು ಮಕ್ಕಳಲ್ಲಿ ತಾಯಿಯ ಕೊನೆಗಾಲದವರೆಗೆ ಬದುಕುಳಿದವಳು, ಆಕೆಯ ಹೆಸರನ್ನೇ ಹೊತ್ತ ಮಗಳೊಬ್ಬಳೇ.

1775ರಲ್ಲಿ ಯುದ್ಧ ಆರಂಭವಾಯಿತು. ಅರುವತ್ತಮೂರು ವರ್ಷದ ಜೇನ್ ಕೈಗೆ ಬಂದಷ್ಟು ಸಾಮಾನುಗಳನ್ನು ಕಟ್ಟಿಕೊಂಡು ಬಾಸ್ಟನ್ ಬಿಟ್ಟಳು. ರೋಡ್ ಐಲೆಂಡ್ ಪ್ರಾಂತದಲ್ಲಿ ಸ್ನೇಹಿತೆಯೊಬ್ಬಳ ಮನೆಯಲ್ಲಿ ಆಶ್ರಯ ಪಡೆದಳು. ಆ ವರ್ಷದ ಶರತ್ಕಾಲದಲ್ಲಿ ಅಣ್ಣನೇ ಬಂದು ಆಕೆಯನ್ನು ಫಿಲಡೆಲ್ಫಿಯಕ್ಕೆ ಕರೆದೊಯ್ದನು. ಬಾಲ್ಯದಲ್ಲಿ ಅಗಲಿದ ಅಣ್ಣತಂಗಿಯರು ಮುಪ್ಪಿನಲ್ಲಿ ಮತ್ತೆ ಒಂದೇ ಸೂರಿನಡಿ ಕೆಲವು ತಿಂಗಳು ಕಳೆದರು. 1776ರ ಕೊನೆಯಲ್ಲಿ ಅಣ್ಣನು ರಾಯಭಾರಿಯಾಗಿ ಫ್ರಾನ್ಸಿಗೆ ಹೊರಟನು. ಮರುವರ್ಷ ಶತ್ರುಸೈನ್ಯ ಸಮೀಪಿಸಿದಾಗ ತಂಗಿ ಮತ್ತೆ ಊರು ಬಿಡಬೇಕಾಯಿತು. ಯುದ್ಧ ಮುಗಿದ ಮೇಲೆ, 1784ರಲ್ಲಿ, ಬಾಸ್ಟನ್ನಿನಲ್ಲಿ ಅಣ್ಣನ ಒಡೆತನದಲ್ಲಿದ್ದ ಮನೆಯಲ್ಲಿ ಆಕೆ ನೆಲಸಿದಳು. ಬಾಳಿನಲ್ಲಿ ಮೊದಲ ಬಾರಿಗೆ ಓದಲು ಆಕೆಗೆ ಬಿಡುವು ದೊರೆಯಿತು.

ತನ್ನ ಕಾಗುಣಿತದ ಬಗ್ಗೆ ಆಕೆಗೆ ಮುಪ್ಪಿನಲ್ಲಿಯೂ ನಾಚಿಕೆಯಿತ್ತು. ಕಿವಿಗೆ ಕೇಳಿದಂತೆ ಅಕ್ಷರ ಕೂಡಿಸಿ ಬರೆಯುವುದು ಆಕೆಯ ರೀತಿ. 1786ರಲ್ಲಿ ಈ ವಿಷಯವಾಗಿ ಆಕೆ ಸಂಕೋಚಪಟ್ಟಾಗ ಅಣ್ಣನು ಒಂದು ವಿನೋದದ ಕಥೆಯಿಂದ ಸಮಾಧಾನ ಹೇಳಿದನು. ಒಬ್ಬ ಗೃಹಸ್ಥನಿಗೆ ಒಂದು ಚೀಟಿ ಬಂದಿತು. ಅದರಲ್ಲಿ ‘ವೈ’, ‘ಎಫ್’ ಎಂಬ ಎರಡೇ ಅಕ್ಷರಗಳ ಒಂದು ಪದವಿತ್ತು. ಅದೇನೆಂದು ಗೃಹಸ್ಥನಿಗೂ ತಿಳಿಯಲಿಲ್ಲ, ಅವನ ಹೆಂಡತಿಗೂ ತಿಳಿಯಲಿಲ್ಲ. ಕೊನೆಗೆ ಮನೆಗೆಲಸದ ಹುಡುಗಿಯನ್ನು ಕರೆದರು. ಅವಳು ಕಂಡೊಡನೆ, ವೈ ಮತ್ತು ಎಫ್ ಸೇರಿದರೆ ‘ವೈಫ್’ ಆಗದೆ ಮತ್ತೇನಾದೀತು ಎಂದು ಬೆರಗಾದಳು! ವೈಫ್ ಎಂದರೆ ಹೆಂಡತಿ. ಅಕ್ಷರದ ಧ್ವನಿಗೆ ಹೊಂದುವ ‘ತಪ್ಪು’ ಕಾಗುಣಿತವೇ ನಿಜವಾಗಿ ಸರಿಯಾದ ಕಾಗುಣಿತವೆಂದು ಅಣ್ಣನು ತಂಗಿಗೆ ಧೈರ್ಯ ಹೇಳಿದನು.

ಅದೇ 1786ರಲ್ಲಿ ಆಕೆ ಅಣ್ಣನಿಗೆ ಬರೆದ ಇನ್ನೊಂದು ಪತ್ರ ಬಹಳ ಮಹತ್ತ್ವದ್ದು. ರಿಚರ್ಡ್ ಪ್ರೈಸ್ ಎಂಬ ಇಂಗ್ಲಿಷ್ ಚಿಂತಕನ ಅಭಿಪ್ರಾಯವೊಂದನ್ನು ಆಕೆ ಅಲ್ಲಿ ಎತ್ತಿಕೊಂಡಿದ್ದಾಳೆ. ಬಾಯ್ಲ್, ನ್ಯೂಟನ್ ಮೊದಲಾದವರಿಗೆ ಸಮಾನರಾದ ಸಾವಿರಾರು ಜನರು, ತಕ್ಕ ಪರಿಸರವೂ ಅನುಕೂಲವೂ ಇಲ್ಲದ ಒಂದೇ ಕಾರಣದಿಂದ, ಅಜ್ಞಾನದಲ್ಲಿಯೂ ಬಡತನದಲ್ಲಿಯೂ ಬಾಳಿ ಅಳಿದುಹೋಗಿರಬಹುದೆಂಬುದು ಆ ಅಭಿಪ್ರಾಯದ ಸಾರ. ಎಲ್ಲ ಅಡೆತಡೆಗಳನ್ನೂ ದಾಟಿ ಮೇಲೇರಬಲ್ಲವರು ತೀರ ಕೆಲವರೇ ಎಂದು ಆಕೆ ತನ್ನ ಮಾತನ್ನೂ ಸೇರಿಸಿದ್ದಾಳೆ. ತನ್ನ ಬಗ್ಗೆ ಆಕೆ ಅಲ್ಲಿ ಏನನ್ನೂ ಹೇಳಿಕೊಂಡಿಲ್ಲ. ಆದರೆ ಆ ಹೊತ್ತಗೆಯನ್ನು ಓದಿದವರಿಗೆ ಅದು ಯಾರ ಕಥೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಜಮಿನ್‌ನಿಗೂ ಮನೆತನದ ದಾಖಲೆಗಳಲ್ಲಿ ಆಸಕ್ತಿಯಿತ್ತು. 1758ರಲ್ಲಿ ಅವನು ಇಂಗ್ಲೆಂಡಿನ ಎಕ್ಟನ್ ಎಂಬ ಪೂರ್ವಿಕರ ಹಳ್ಳಿಗೆ ಹೋಗಿ, 1555ರಿಂದ ಬರೆದಿಟ್ಟಿದ್ದ ಚರ್ಚಿನ ದಾಖಲೆಪುಸ್ತಕವನ್ನು ಪರಿಶೀಲಿಸಿದನು. ಐದು ತಲೆಮಾರುಗಳಿಂದ ಕಿರಿಯ ಮಗನಿಗೆ ಕಿರಿಯ ಮಗನಾಗಿ ತಾನು ಹುಟ್ಟಿದವನೆಂದು ಕಂಡುಕೊಂಡು, ಅದನ್ನು 1771ರಲ್ಲಿ ಬರೆಯಲಾರಂಭಿಸಿದ ಆತ್ಮಕಥೆಯಲ್ಲಿ ಅಭಿಮಾನದಿಂದ ಹೇಳಿಕೊಂಡನು. ಆ ಪ್ರಸಿದ್ಧವಾದ ಆತ್ಮಕಥೆಯಲ್ಲಿ ಈ ತಂಗಿಯ ಪ್ರಸ್ತಾಪವೇ ಇಲ್ಲ. ಅವನಿಗೆ ಆಕೆಯ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಮನೆಯನ್ನೂ ಪ್ರತಿವರ್ಷ ಐವತ್ತು ಪೌಂಡುಗಳನ್ನೂ ಆಕೆಗೆ ಸಲ್ಲಿಸಬೇಕೆಂದು ಮರಣಶಾಸನದಲ್ಲಿ ಬರೆದಿಟ್ಟವನೂ ಅವನೇ. ಗೃಹಿಣಿಯೊಬ್ಬಳ ಬಾಳು ಗ್ರಂಥದಲ್ಲಿ ಬರೆಯತಕ್ಕ ವಿಷಯವೆಂದು ಆ ಕಾಲದ ಮಹಾಪುರುಷರಿಗೂ ತೋರಲಿಲ್ಲ, ಅಷ್ಟೆ.

1790ರ ಏಪ್ರಿಲ್ 17ರಂದು ಬೆಂಜಮಿನ್ ನಿಧನನಾದನು. 1794ರ ಮೇ 7ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಜೇನ್ ಕಣ್ಮುಚ್ಚಿದಳು. ಆಕೆ ಕಡೆಯ ದಿನಗಳನ್ನು ಕಳೆದ ಮನೆಯನ್ನು 1939ರಲ್ಲಿ ಕೆಡವಲಾಯಿತು. ಮನೆ ಹೋದರೂ ಹೊತ್ತಗೆ ಉಳಿಯಿತು. ಕಾರ್ಲ್ ವಾನ್ ಡೋರೆನ್ ಎಂಬ ವಿದ್ವಾಂಸನು 1950ರಲ್ಲಿ ಅಣ್ಣತಂಗಿಯರ ಪತ್ರಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದನು. 2013ರಲ್ಲಿ ಇತಿಹಾಸಕಾರ್ತಿ ಜಿಲ್ ಲೆಪೋರ್ ಜೇನಳ ಜೀವನಚರಿತ್ರೆಯನ್ನು ಬರೆದು, ಆ ಪುಟ್ಟ ಹೊತ್ತಗೆಯ ಹೆಸರನ್ನೇ ತನ್ನ ಗ್ರಂಥಕ್ಕೂ ಇಟ್ಟಳು. ಆಕೆ ತೀರಿಕೊಂಡ ಇನ್ನೂರು ವರ್ಷಗಳ ಮೇಲೆ ಆ ಹೆಸರು ದೂರದ ಓದುಗರಿಗೂ ಪರಿಚಯವಾಯಿತು.

ಮಹಾಪುರುಷರು ನಡೆದ ದಾರಿಯನ್ನು ದೇಶವೇ ಬರೆದಿಡುತ್ತದೆ. ಉಳಿದವರ ಬಾಳು ಉಳಿಯುವುದು ಮನೆಯವರು ಬರೆದಿಟ್ಟರೆ ಮಾತ್ರ. ಬರೆಯಲು ಸರಿಯಾಗಿ ಕಲಿಸದ ಸಮಾಜದಲ್ಲಿ, ಸಿಕ್ಕಿದ ಕಾಗದವನ್ನು ಮಡಿಸಿ ಹೊಲಿದು, ತನ್ನ ಮಕ್ಕಳು ಹುಟ್ಟಿದ್ದರು, ಬದುಕಿದ್ದರು ಎಂಬುದಕ್ಕೆ ಒಬ್ಬ ತಾಯಿ ಸಾಕ್ಷಿ ಬರೆದಿಟ್ಟಳು. ಮಕ್ಕಳಿಗಾಗಿ ಬರೆದ ಆ ಸಾಲುಗಳೇ ಆಕೆಯ ಬಾಳಿಗೂ ಸಾಕ್ಷಿಯಾದವು.

ಶಬ್ದಾರ್ಥ

ಹೊತ್ತಗೆ – ಪುಸ್ತಕ
ವಸಾಹತು – ಪರದೇಶದವರು ಬಂದು ನೆಲಸಿ ತಮ್ಮ ದೇಶದ ಆಳ್ವಿಕೆಗೆ ಒಳಪಡಿಸಿಕೊಂಡ ಪ್ರದೇಶ
ಮುತ್ಸದ್ದಿ – ರಾಜಕಾರ್ಯದಲ್ಲಿ ನಿಪುಣ
ಬುದ್ಧಿಭ್ರಮಣೆ – ಮನಸ್ಸಿನ ಸ್ತಿಮಿತ ತಪ್ಪುವುದು
ಮರಣಶಾಸನ – ತನ್ನ ಕಾಲಾನಂತರ ಆಸ್ತಿ ಯಾರಿಗೆ ಸಲ್ಲಬೇಕೆಂದು ಬರೆದಿಡುವ ಪತ್ರ, ಉಯಿಲು

ಅಭ್ಯಾಸ

ಅ) ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ಜೇನ್ ತನ್ನ ಹೊತ್ತಗೆಯಲ್ಲಿ ಯಾವ ವಿಷಯಗಳನ್ನು ಬರೆದಿಟ್ಟಳು?
2. ಅಣ್ಣನು ತಂಗಿಗೆ ರಾಟೆಯನ್ನು ಕಳುಹಿಸಲು ಕಾರಣವೇನು?
3. ಟೋಪಿಯ ವ್ಯಾಪಾರಕ್ಕೆ ಪೆಟ್ಟು ಬಿದ್ದುದೇಕೆ?

ಆ) ಏಳೆಂಟು ವಾಕ್ಯಗಳಲ್ಲಿ ಉತ್ತರಿಸಿರಿ.
1. ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣತಂಗಿಯರ ಬಾಳು ಬೇರೆಬೇರೆಯಾದುದು ಹೇಗೆ?
2. ಹಳೆಯ ದಾಖಲೆಗಳನ್ನು ಓದುವಾಗ ಯಾವ ಮೂರು ಸಂಗತಿಗಳನ್ನು ಗಮನಿಸಬೇಕು? ಉದಾಹರಣೆಗಳೊಡನೆ ವಿವರಿಸಿರಿ.

ಇ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಅತ್ಯಲ್ಪ, ಸಾಕ್ಷ್ಯಾಧಾರ, ಹೊತ್ತಗೆಯಲ್ಲಿ.

ಈ) ನಿಮ್ಮ ಮನೆಯ ಹಿರಿಯ ಹೆಂಗಸೊಬ್ಬರು ಹುಟ್ಟಿದ ವರ್ಷ, ಓದಿದ ತರಗತಿ, ಮಾಡಿದ ಕೆಲಸ ಇವುಗಳನ್ನು ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.